ಬೆನ್ನಿಗೆ ರಬ್ಬರು, ಭುಜಕ್ಕೆ ಬಿಸಿ

"ಒಂದೂವರೆ ತಿಂಗಳು ಕೊಡಿ ನನಗೆ! ಈ ಮನೇಲಿರೋ ಅಷ್ಟೂ ನೋವಿಗೆ ಯಾವ ಚಿಕಿತ್ಸೆ ಅಸಲಿ, ಯಾವುದು ನಕಲಿ ಅಂತ ತೂಗಿ ನೋಡಿ ತೀರ್ಪು ಕೊಡ್ತೀನಿ. ಅಲ್ಲೀವರೆಗೂ ಯಾರೂ ಬಾಯಿ ಬಿಡಬಾರದು!"

ಭಾನುವಾರ ಬೆಳಗ್ಗೆ ತಕ್ಕಡಿ ಸಾಹೇಬರು ಊಟದ ಮೇಜಿನ ಬಳಿ ಎದ್ದು ನಿಂತು ಹೀಗೆ ಘೋಷಿಸಿದರು. ಘೋಷಣೆಯೇನೋ ಗಂಭೀರವಾಗಿಯೇ ಇತ್ತು. ಎದ್ದು ನಿಂತದ್ದು ಮಾತ್ರ ಅಷ್ಟು ಗಂಭೀರವಾಗಿರಲಿಲ್ಲ. ಮೊದಲು ಮೇಜಿನ ಮೇಲೆ ಎರಡೂ ಅಂಗೈ ಊರಿದರು. ಆಮೇಲೆ ಕುರ್ಚಿಯಿಂದ ಗೇಣುದ್ದ ಮೇಲೆದ್ದು, ಅಲ್ಲೇ ತಂಗಿ, ಉಸಿರು ತೆಗೆದುಕೊಂಡರು. ಅನಂತರ ತುಕ್ಕು ಹಿಡಿದ ಕೊಡೆ ಬಿಚ್ಚುವವರ ಹಾಗೆ ಬೆನ್ನನ್ನು ಕಡ್ಡಿ ಕಡ್ಡಿಯಾಗಿ ನೆಟ್ಟಗೆ ಮಾಡಿದರು. ಕೊನೆಯ ಕಡ್ಡಿ ಬಿಚ್ಚಿಕೊಳ್ಳಲಿಲ್ಲ. ಹಾಗಾಗಿ ಘೋಷಣೆಯ ಬಹುಪಾಲನ್ನು ಅವರು ಉಪ್ಪಿನ ಡಬ್ಬಿಗೆ ಹೇಳಿದಂತಾಯಿತು.

ತಕ್ಕಡಿ ಸಾಹೇಬರು ಎಂಬುದು ಅಂಗಡಿ ಬೀದಿಯವರು ಕೊಟ್ಟ ಬಿರುದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರು ಇನ್‌ಸ್ಪೆಕ್ಟರು. ಅಂಗಡಿ ಅಂಗಡಿ ಹತ್ತಿ ಇಳಿಯುವುದು, ತಕ್ಕಡಿ ಪರೀಕ್ಷಿಸುವುದು, ಸರಿ ಇದ್ದರೆ ಮುದ್ರೆ ಒತ್ತುವುದು, ತಪ್ಪಿದ್ದರೆ ದಂಡ ಹಾಕುವುದು. ಈ ಕೆಲಸಕ್ಕೆ ಬೇಕಾದ, ತೂಕದ ಕಬ್ಬಿಣದ ಬಟ್ಟುಗಳ ಪೆಟ್ಟಿಗೆಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಅವರ ನಡು ಕೈಕೊಟ್ಟು ವರ್ಷಗಳಾಗಿದ್ದವು. ಊರಿನ ಅಷ್ಟೂ ತಕ್ಕಡಿಗಳನ್ನು ನೆಟ್ಟಗೆ ನಿಲ್ಲಿಸಿದ ಮನುಷ್ಯ ತಾವು ಮಾತ್ರ ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದರು.

ಮನೆಯಲ್ಲಿ ವಾಲಿದ್ದವರು ಅವರೊಬ್ಬರೇ ಅಲ್ಲ. ಎರಡು ಬೀದಿ ಆಚೆ ಹೆಂಡತಿಯದೊಂದು ಸಲೂನು ಇತ್ತು. ಎರಡೇ ಕುರ್ಚಿಯ ಸಣ್ಣ ಅಂಗಡಿ. ಮದುವೆಗೂ ಮೊದಲೇ ಅವಳು ಸ್ವಂತ ದುಡಿಮೆಯಲ್ಲಿ ಹಾಕಿದ್ದು. ಅಷ್ಟು ವರ್ಷ ಕೈ ಎತ್ತಿಹಿಡಿದು ಜನರ ತಲೆ ತಿದ್ದಿದ್ದಕ್ಕೆ ಅವಳ ಬಲಭುಜ ಈಗ ಮುನಿಸಿಕೊಂಡಿತ್ತು. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಹುರಿಯೊಂದು ಇರುತ್ತದೆ, ಅದು ಸವೆದಿದೆ ಎಂದು ಡಾಕ್ಟರು ಹೇಳಿದ್ದರು. ಕತ್ತರಿ ಹಿಡಿದ ಕೈ ಗಿರಾಕಿಯ ಕಿವಿಯವರೆಗೆ ಏಳುತ್ತಿತ್ತು. ನೆತ್ತಿಗೆ ಏಳಬೇಕೆಂದರೆ ಹಲ್ಲು ಕಚ್ಚಬೇಕಿತ್ತು. ಇನ್ನು ಹೆಂಡತಿಯ ತಾಯಿ, ಸಾಹೇಬರ ಅತ್ತೆ, ಡ್ರಿಲ್ ಟೀಚರಾಗಿ ನಿವೃತ್ತರಾದವರು. ಸಾವಿರಾರು ಮಕ್ಕಳನ್ನು ಬಿಸಿಲಿನಲ್ಲಿ ಕುಣಿಸಿದವರ ಎರಡು ಮಂಡಿಗಳು ಈಗ ಹಾಲಿನ ಸೋಫಾದಿಂದ ಬಚ್ಚಲಿಗೆ ಹೋಗುವುದಕ್ಕೂ ರಜಾ ಅರ್ಜಿ ಕೊಡುತ್ತಿದ್ದವು. ಆ ಮನೆಯಲ್ಲಿ ನೆಲಕ್ಕೆ ಬಿದ್ದ ಚಮಚವೊಂದು ಮೂರು ದಿನ ಅಲ್ಲೇ ಇರುತ್ತಿತ್ತು. ಮೂವರೂ ಅದನ್ನು ಪ್ರೀತಿಯಿಂದ ನೋಡಿಕೊಂಡು ದಾಟಿ ಹೋಗುತ್ತಿದ್ದರು.

ನೋವು ಹಳೆಯದು. ಅದಕ್ಕೆ ಅವಸರವೇನೂ ಇರಲಿಲ್ಲ. ಅವಸರ ಬಂದದ್ದು ಬೇರೆ ಕಡೆಯಿಂದ. ಸಲೂನಿನ ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುವವಳು ಒಂದು ದಿನ ಬಾಗಿಲು ಹಾಕುವ ಹೊತ್ತಿಗೆ ಸಂಕೋಚದಿಂದಲೇ ಬಾಯಿಬಿಟ್ಟಿದ್ದಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ಗಿರಾಕಿಗಳೂ ಈಗ ನನ್ನ ಕುರ್ಚಿಗೇ ಬರ್ತಿದಾರೆ. ಇನ್ನೊಂದು ಮೂರು ತಿಂಗಳು ನೋಡೋಣ. ಕೈ ಏಳಲಿಲ್ಲ ಅಂದ್ರೆ ಅಂಗಡಿ ನನಗೆ ಬಿಟ್ಟುಕೊಡಿ. ಇಲ್ಲ ಅಂದ್ರೆ ಮಾರ್ಕೆಟ್ ಹತ್ರ ಒಂದು ಮಳಿಗೆ ನೋಡಿದೀನಿ, ಅಲ್ಲಿಗೆ ಹೋಗ್ತೀನಿ."

ಆ ಸಂಜೆ ಹೆಂಡತಿ ಮನೆಗೆ ಬಂದು, ಅಂಗಡಿಯ ಕೀಲಿಕೈಯನ್ನು ಮೊಳೆಗೆ ತಗುಲಿಹಾಕಲು ಹೋಗಿ, ಕೈ ಮೇಲೇಳದೆ, ಅದನ್ನು ಮೇಜಿನ ಮೇಲೆಯೇ ಇಟ್ಟಳು. ಅಳಲಿಲ್ಲ. "ಸುಸ್ತಾಗಿದೆ ರೀ" ಎಂದಳು, ಅಷ್ಟೆ. ಆ ಮಾತನ್ನು ಕೇಳಿ ಸಾಹೇಬರಿಗೆ ತಮ್ಮ ಬೆನ್ನು ಕೂಡ ಒಂದು ಗಳಿಗೆ ಮರೆತುಹೋಯಿತು.

ಚಿಕಿತ್ಸೆಗಳಿಗೇನು ಕೊರತೆಯೇ? ಪಕ್ಕದ ಮನೆಯವರು ಕಂಪಿಸುವ ಯಂತ್ರವೊಂದನ್ನು ತಂದುಕೊಟ್ಟಿದ್ದರು. ಅದನ್ನು ಬೆನ್ನಿಗಿಟ್ಟರೆ ಬೆನ್ನು ಅಲುಗಾಡದೆ ಹಲ್ಲು ಅಲುಗಾಡುತ್ತಿತ್ತು. ಹೆಂಡತಿಯ ಗಿರಾಕಿಯೊಬ್ಬರು ನೆಲದ ಮೇಲೆ ಮಲಗಿ ಎಂದಿದ್ದರು. ಸಾಹೇಬರು ಮಲಗಿದರು. ಮಲಗುವುದು ಸುಲಭವಾಯಿತು. ಬೆಳಗ್ಗೆ ಅವರನ್ನು ಎಬ್ಬಿಸಿ ನಿಲ್ಲಿಸಲು ಹೆಂಡತಿ, ಅತ್ತೆ, ಪಕ್ಕದ ಮನೆಯವರು ಎಲ್ಲ ಸೇರಬೇಕಾಯಿತು. ಅಯಸ್ಕಾಂತದ ಬೆಲ್ಟು ಕಟ್ಟಿಕೊಂಡು ತಪಾಸಣೆಗೆ ಹೋದ ದಿನ ಒಬ್ಬ ವ್ಯಾಪಾರಿಯ ಸಣ್ಣ ತಕ್ಕಡಿ ಅವರ ಸೊಂಟದ ಕಡೆಗೇ ತಿರುಗಿತು. ದಂಡ ಯಾರಿಗೆ ಹಾಕುವುದೆಂದು ತಿಳಿಯದೆ ಅವರು ಸುಮ್ಮನೆ ಇಳಿದು ಬಂದರು.

ಕೊನೆಗೆ ಉಳಿದದ್ದು ಮೂರು. ಮೂಳೆ ಡಾಕ್ಟರು ಹೇಳಿದ ಇಂಜೆಕ್ಷನ್ನು. ಎಲ್ಲರೂ ಹೇಳುವ ಬಿಸಿನೀರಿನ ಚೀಲ ಮತ್ತು ವಿಶ್ರಾಂತಿ. ಫಿಸಿಯೋ ಡಾಕ್ಟರಮ್ಮ ಕೊಟ್ಟ ಉದ್ದನೆಯ ರಬ್ಬರು ಪಟ್ಟಿ. ಅದನ್ನು ಮುಚ್ಚಿದ ಬಾಗಿಲಿನ ಹಿಡಿಕೆಗೆ ಕಟ್ಟಿ, ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಡಬೇಕು. ದಿನವೂ ಮಾಡಬೇಕು. ಫಲ ಕಾಣಲು ವಾರಗಟ್ಟಲೆ ಬೇಕು.

ಯಾವುದು ಮೇಲು? ಸಾಹೇಬರು ತೀರ್ಮಾನಿಸಿದರು: ತೂಗಿಯೇ ನೋಡಬೇಕು! ಒಬ್ಬೊಬ್ಬರಿಗೆ ಒಂದೊಂದು. ಪಕ್ಷಪಾತ ಬಾರದಂತೆ ಚೀಟಿ ಎತ್ತಬೇಕು.

"ಡಾಕ್ಟರಮ್ಮ ಆ ರಬ್ಬರು ಕೊಟ್ಟಿದ್ದು ನನ್ನ ಭುಜಕ್ಕೆ ಕಣ್ರೀ" ಎಂದಳು ಹೆಂಡತಿ.

"ನನ್ನ ಬೆನ್ನಿಗೂ ಅದನ್ನೇ ಹೇಳಿದಾರೆ. ಇಬ್ಬರೂ ಅದನ್ನೇ ಮಾಡಿದ್ರೆ ಹೋಲಿಸಿ ನೋಡೋದು ಯಾವುದನ್ನ?"

"ಹೋಲಿಸೋದು ಬೇಡ ರೀ. ನೋವು ಹೋದ್ರೆ ಸಾಕು."

"ಎಲ್ಲರೂ ಹೀಗೆ ಅಂದ್ಕೊಂಡೇ ಲೋಕ ಹಾಳಾಗಿರೋದು!"

ಕಾಫಿ ಲೋಟದಲ್ಲಿ ಚೀಟಿಗಳನ್ನು ಕುಲುಕಲಾಯಿತು. ಅತ್ತೆಗೆ ಇಂಜೆಕ್ಷನ್ನು ಬಂತು. "ಸದ್ಯ! ಕೂತಲ್ಲೇ ಚುಚ್ಚಿಸ್ಕೋಬಹುದು" ಎಂದು ಅವರು ನಿಟ್ಟುಸಿರು ಬಿಟ್ಟರು. ಹೆಂಡತಿಗೆ ಬಿಸಿ ಚೀಲ. ಸಾಹೇಬರಿಗೆ ರಬ್ಬರು.

"ನೋಡು" ಎಂದರು ಸಾಹೇಬರು, ಮುಖ ಹುಳ್ಳಗೆ ಮಾಡಿಕೊಂಡು. "ಹಾಯಾಗಿ ಒರಗಿಕೊಳ್ಳೋದು ನಿನಗೆ, ಬೆವರು ಸುರಿಸೋದು ನನಗೆ. ಇದರಲ್ಲಿ ಮೋಸ ಇದೆಯಾ?"

"ಏನೋ ಒಂದು ಮಾಡಿ" ಎಂದಳು ಹೆಂಡತಿ. ಅವಳಿಗೆ ವಾದಿಸುವಷ್ಟು ಕಸುವಿರಲಿಲ್ಲ. ಪಾತ್ರೆ ತೊಳೆಯುವುದು ಇನ್ನೂ ಬಾಕಿಯಿತ್ತು.

ತೂಕಕ್ಕೆ ಬೇಕಾದ ಏರ್ಪಾಡೆಲ್ಲ ಆಯಿತು. ಕಿಟಕಿಯ ಸರಳಿಗೆ ಸಾಹೇಬರು ಒಂದು ಸ್ಪ್ರಿಂಗ್ ತಕ್ಕಡಿ ನೇತುಹಾಕಿದರು. ಪ್ರತಿ ಭಾನುವಾರ ಹೆಂಡತಿ ಅದರ ಕೊಕ್ಕೆ ಹಿಡಿದು ಬಲಗೈಯಲ್ಲಿ ಜಗ್ಗಬೇಕು, ಮುಳ್ಳು ಎಲ್ಲಿಗೆ ಬಂತೆಂದು ಅವರು ಓದಬೇಕು. ಅತ್ತೆ ಸೋಫಾದಿಂದ ಎದ್ದು ಬಾಗಿಲು ಮುಟ್ಟುವಷ್ಟರಲ್ಲಿ ಎಷ್ಟು ಸಲ "ಅಮ್ಮಾ" ಎನ್ನುತ್ತಾರೋ ಅದು ಮಂಡಿಯ ಅಳತೆ. ತಮ್ಮ ಬೆನ್ನಿನ ಅಳತೆಗೆ ಸಾಹೇಬರು ಕಾಲುಚೀಲವನ್ನು ಆರಿಸಿಕೊಂಡರು. ಬಗ್ಗಿ ಅದನ್ನು ಹಾಕಿಕೊಳ್ಳಲು ಆಗ ಅವರಿಗೆ ಬೆಳಗಿನ ವಾರ್ತೆ ಪೂರ್ತಿ ಮುಗಿಯುವಷ್ಟು ಹೊತ್ತು ಬೇಕಾಗುತ್ತಿತ್ತು.

ವ್ಯಾಯಾಮದ ಮೇಲ್ವಿಚಾರಣೆಯನ್ನು ಅತ್ತೆ ತಾವಾಗಿಯೇ ವಹಿಸಿಕೊಂಡರು. ಅವರು ಹಾಲಿನಿಂದ ಏಳಬೇಕಾಗಿಯೇ ಇರಲಿಲ್ಲ. ಮಲಗುವ ಕೋಣೆಯ ಬಾಗಿಲಿನ ಕೀಲು ಹಳೆಯದು. ರಬ್ಬರು ಎಳೆದಾಗಲೆಲ್ಲ ಅದು ಕಿರ್ರ್ ಎಂದು ನರಳುತ್ತಿತ್ತು, ಬಿಟ್ಟಾಗ ಉಸ್ಸ್ ಎಂದು ಸುಮ್ಮನಾಗುತ್ತಿತ್ತು. ಅತ್ತೆ ಸೋಫಾದಲ್ಲಿ ಕಣ್ಣು ಮುಚ್ಚಿ ಕೂತು, ಸಂಗೀತ ಕೇಳುವವರ ಹಾಗೆ ಅದನ್ನು ಕೇಳುತ್ತಿದ್ದರು.

"ಅಳಿಯಂದ್ರೆ, ಬಿಡೋದು ಅವಸರ ಆಯ್ತು! ಎಳೆಯೋದಕ್ಕಿಂತ ಬಿಡೋದು ನಿಧಾನ!"

ಮೊದಲ ಕೆಲವು ದಿನ ಸಾಹೇಬರು ಪ್ರಾಮಾಣಿಕವಾಗಿಯೇ ಎಳೆದರು. ಆದರೆ ದಿನವೆಲ್ಲ ಅಂಗಡಿ ಸುತ್ತಿ, ಬೈಸಿಕೊಂಡು, ಬಟ್ಟಿನ ಪೆಟ್ಟಿಗೆ ಹೊತ್ತು, ಸಂಜೆ ಮನೆಗೆ ಬಂದವರನ್ನು ಕೋಣೆಯೊಳಗೆ ಎರಡು ವಸ್ತುಗಳು ಕಾಯುತ್ತಿದ್ದವು. ಬಾಗಿಲಿನಲ್ಲಿ ರಬ್ಬರು. ಅದರೆದುರು ಹಾಸಿಗೆ. ಇಂಥ ಧರ್ಮಸಂಕಟದಲ್ಲಿ ಮನುಷ್ಯ ಎಷ್ಟು ದಿನ ರಬ್ಬರಿನ ಪಕ್ಷ ವಹಿಸಿಯಾನು? ಒಂದು ಸಂಜೆ ಅವರು ಹಾಸಿಗೆಯ ಮೇಲೆ ಬಿದ್ದುಕೊಂಡು, ಕಾಲಿನ ತುದಿಯಿಂದ ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ನೂಕಿದರು. ಕಿರ್ರ್. ಕಿರ್ರ್.

"ಅದು ಬಾಗಿಲು ತೆಗೆಯೋ ಸದ್ದು!" ಹಾಲಿನಿಂದ ಗುಡುಗು ಬಂತು. "ರಟ್ಟೆ ಸದ್ದಲ್ಲ! ನನ್ನ ಕಿವಿಗೆ ಮಣ್ಣೆರಚಬೇಡಿ ಅಳಿಯಂದ್ರೆ!"

ಆಮೇಲೆ ಶುರುವಾಯಿತು ನೋಡಿ, ಶಿಸ್ತಿನ ಮಹತ್ವದ ಮೇಲೆ ಉಪನ್ಯಾಸ! ಗೋಡೆಯ ಆಚೆಯಿಂದ ಊಟದವರೆಗೂ ನಡೆಯಿತು. ಊಟದಲ್ಲಿ ಮುಂದುವರಿಯಿತು. ಕೈ ತೊಳೆಯುವಾಗ ಉಪಸಂಹಾರವಾಯಿತು. ಮೂವರಲ್ಲಿ ಯಾರ ತಟ್ಟೆಗೆ ಏನು ಬಿತ್ತೆಂದು ಯಾರಿಗೂ ನೆನಪಿಲ್ಲ. ಹೆಂಡತಿ ಎಡಗೈಯಲ್ಲಿ ಹಣೆ ಒತ್ತಿಕೊಂಡು, "ಅಮ್ಮ, ಸಾಕು" ಎಂದು ಆಗಾಗ ಹೇಳುತ್ತಿದ್ದಳು.

ಮಾರನೆಯ ಸಂಜೆ ಸಾಹೇಬರು ಕೋಣೆಗೆ ಬಂದರು. ಬೆನ್ನು ನೆಟ್ಟಗಾಗಲಿ, ಐದೇ ಐದು ನಿಮಿಷ ಎಂದುಕೊಂಡು ಒರಗಿದರು. ಎದ್ದಾಗ ಊಟದ ಹೊತ್ತಾಗಿತ್ತು. ಪಕ್ಕದಲ್ಲಿ ಹೆಂಡತಿ ಭುಜದ ಮೇಲೆ ಬಿಸಿ ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಇನ್ನೇನು ಉಪನ್ಯಾಸ ತಪ್ಪಿದ್ದಲ್ಲ ಎಂದು ಎದೆ ಗಟ್ಟಿಮಾಡಿಕೊಂಡು ಸಾಹೇಬರು ಹಾಲಿಗೆ ಕಾಲಿಟ್ಟರೆ, ಅತ್ತೆಯ ಮುಖ ಅರಳಿತ್ತು.

"ಭೇಷ್ ಅಳಿಯಂದ್ರೆ! ಏನು ಹದ, ಏನು ನಿಧಾನ! ಇವತ್ತು ಎಳೆದ ಹಾಗೆ ದಿನಾ ಎಳೀರಿ!"

ಸಾಹೇಬರು ಬೆಪ್ಪಾದರು. ಎಳೆದದ್ದು ಯಾವಾಗ? ಮಾರನೆಯ ದಿನವೂ ಅದೇ ಆಯಿತು. ಐದು ನಿಮಿಷ ಎಂದು ಮಲಗಿದರು, ಗಾಢನಿದ್ದೆ ಹೋದರು, ಎದ್ದಾಗ ಭೇಷ್ ಅನ್ನಿಸಿಕೊಂಡರು. ಅದರ ಮಾರನೆಯ ದಿನವೂ ಅಷ್ಟೆ. ಬಹಳ ಯೋಚಿಸಿ ಸಾಹೇಬರು ಒಂದು ತೀರ್ಮಾನಕ್ಕೆ ಬಂದರು. ಕರ್ತವ್ಯಪ್ರಜ್ಞೆ ಎಂಬುದು ರಕ್ತದಲ್ಲಿ ಇಳಿದ ಮನುಷ್ಯ ತಾವು! ಮನಸ್ಸು ಮಲಗಿದರೂ ದೇಹ ಮಲಗುವುದಿಲ್ಲ! ನಿದ್ದೆಯಲ್ಲಿ ಜನ ನಡೆಯುವುದಿಲ್ಲವೇ, ಮಾತಾಡುವುದಿಲ್ಲವೇ? ಹಾಗೆಯೇ ತಾವು ನಿದ್ದೆಯಲ್ಲಿ ಎದ್ದು, ರಬ್ಬರು ಎಳೆದು, ಮತ್ತೆ ಬಂದು ಮಲಗುತ್ತಿರಬೇಕು. ತಕ್ಕಡಿ ಅಂಗಡಿಯವನ ಕಡೆಗೆ ವಾಲಿದ್ದು ಕಂಡರೆ ಎರಡೆರಡು ಸಲ ಪರೀಕ್ಷೆ ಮಾಡಿ ಎಂದು ಇಲಾಖೆಗೆ ಬಂದ ಹೊಸಬರಿಗೆ ಪಾಠ ಹೇಳುವ ಸಾಹೇಬರು, ತಮ್ಮ ಕಡೆಗೇ ವಾಲಿದ ಈ ಹೊಗಳಿಕೆಯನ್ನು ಒಂದು ಸಲವೂ ತಿರುಗಿಸಿ ನೋಡಲಿಲ್ಲ.

ಭಾನುವಾರಗಳು ಬಂದುಹೋದವು. ಇಂಜೆಕ್ಷನ್ನು ಹಾಕಿಸಿಕೊಂಡ ಅತ್ತೆ ಮೊದಲ ವಾರಗಳಲ್ಲಿ ಒಂದೂ "ಅಮ್ಮಾ" ಇಲ್ಲದೆ ಬಾಗಿಲು ಮುಟ್ಟಿ ಬಂದರು. ತಿಂಗಳು ಕಳೆಯುವಷ್ಟರಲ್ಲಿ ಅಮ್ಮಂದಿರೆಲ್ಲ ಒಬ್ಬೊಬ್ಬರಾಗಿ ವಾಪಸು ಬಂದರು. ಸಾಹೇಬರ ಕಾಲುಚೀಲ ಮೊದಲು ವಾರ್ತೆಗೆ ಮುಗಿಯುತ್ತಿದ್ದದ್ದು ಈಗ ಹವಾಮಾನ ವರದಿಯವರೆಗೆ ಎಳೆಯಿತು. ಆದರೆ ಹೆಂಡತಿ? ಕಿಟಕಿಯ ಮುಳ್ಳು ವಾರದಿಂದ ವಾರಕ್ಕೆ ಏರುತ್ತಲೇ ಹೋಯಿತು! ಒಂದು ಭಾನುವಾರ ಅವಳು ಕೊಕ್ಕೆ ಜಗ್ಗಿದ ಹೊಡೆತಕ್ಕೆ ಕಿಟಕಿಯ ಸರಳೇ ಠಣ್ ಎಂದಿತು. ಅದೇ ದಿನ ಅವಳು ಅಂಗಡಿಯ ಕೀಲಿಕೈಯನ್ನು ಮೊಳೆಗೆ ತಗುಲಿಹಾಕಿ, ತಾನು ಮಾಡಿದ್ದೇನೆಂದು ಆಮೇಲೆ ಹೊಳೆದು, ತಿರುಗಿ ನೋಡಿದಳು. ಅವಳ ಮುಖದಲ್ಲಿ ಬಹಳ ದಿನಗಳಿಂದ ಮುಚ್ಚಿದ್ದ ಕಿಟಕಿಯೊಂದು ತೆರೆದಂತಿತ್ತು.

ಸಾಹೇಬರು ಎದ್ದು ನಿಂತರು. ಬೆನ್ನಿನ ಕೊಡೆ ಬಿಚ್ಚಿದರು. "ತೀರ್ಪು! ಬಿಸಿ ಚೀಲಕ್ಕೆ ಜಯ! ಇಂಜೆಕ್ಷನ್ನು ನಾಲ್ಕು ದಿನದ ವೈಭವ. ಇನ್ನು ವ್ಯಾಯಾಮ, ದಿನಾ ತಪ್ಪದೆ ಮಾಡಿದವನು ನಾನೇ ಹೇಳ್ತೀನಿ, ಅದರಂಥ ಬೊಗಳೆ ಇನ್ನೊಂದಿಲ್ಲ!"

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ತಾಯಿಯ ಕಡೆ ನೋಡಿದಳು. ತಾಯಿ ಅಳಿಯನ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದರು. ಅವಳು ಬಾಯಿ ಮುಚ್ಚಿದಳು.

ಸಾಹೇಬರು ರಬ್ಬರನ್ನು ಬಾಗಿಲಿನಿಂದ ಬಿಚ್ಚಿ, ಬಟ್ಟಿನ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಲು ತೆಗೆದುಕೊಂಡರು. ಮನೆಗೆ ಇನ್ನೆರಡು ಬಿಸಿ ಚೀಲ ಬಂದವು. ಮನೆ ಗೆದ್ದ ಮೇಲೆ ಕಚೇರಿ ಬಿಡುತ್ತಾರೆಯೇ? ಅಲ್ಲಿ ಹೆಡ್ ಗುಮಾಸ್ತರೊಬ್ಬರಿದ್ದರು. ಮುದ್ರೆ ಒತ್ತಿ ಒತ್ತಿ ಮೊಣಕೈ ಕೆಟ್ಟವರು. ಅವರೂ ಅದೇ ಡಾಕ್ಟರಮ್ಮನ ಹತ್ತಿರ ಹೋಗಿ, ಮರಳು ತುಂಬಿದ ಬಾಟಲಿಯೊಂದನ್ನು ದಿನವೂ ಮೇಲೆ ಕೆಳಗೆ ಮಾಡುತ್ತಿದ್ದರು.

"ಬಿಸಾಕಿ ಆ ಬಾಟಲಿ!" ಎಂದರು ಸಾಹೇಬರು. "ನಾನು ತೂಗಿ ನೋಡಿದೀನಿ."

"ಸಾಹೇಬ್ರೆ, ನೀವು ತೂಗಿದ್ರೆ ಮುಗೀತು" ಎಂದು ಹೆಡ್ ಗುಮಾಸ್ತರು ಬಾಟಲಿಯ ಮರಳನ್ನು ಹೂಕುಂಡಕ್ಕೆ ಸುರಿದರು. ಇಲಾಖೆಯಲ್ಲಿ ಬಿಸಿ ಚೀಲಗಳ ಯುಗ ಆರಂಭವಾಯಿತು. ಮಧ್ಯಾಹ್ನದ ಹೊತ್ತು ಕಡತಗಳ ಹಿಂದೆ ಜನ ಬೆನ್ನಿಗೊಂದು, ಕುತ್ತಿಗೆಗೊಂದು ಚೀಲ ಅಂಟಿಸಿಕೊಂಡು ತೂಕಡಿಸುತ್ತಿದ್ದರು. ಒಬ್ಬರ ಚೀಲ ಸೋರಿ ಅರ್ಧ ತಾಲೂಕಿನ ತಕ್ಕಡಿಗಳ ದಾಖಲೆ ತೊಯ್ದುಹೋಯಿತು. ಆದರೂ ಯಾರೂ ದೂರಲಿಲ್ಲ. ಹಿತವಾಗಿತ್ತಲ್ಲ!

ಮನೆಯಲ್ಲಿ ಮಾತ್ರ ಏನೋ ಕೆಡುತ್ತ ಬಂತು. ಮೊದಲು ಕಿಟಕಿಯ ಮುಳ್ಳು ನಿಂತಲ್ಲೇ ನಿಂತಿತು. ಆಮೇಲೆ ಇಳಿಯತೊಡಗಿತು. ಸಾಹೇಬರು ಸ್ಪ್ರಿಂಗ್ ತಕ್ಕಡಿಯನ್ನೇ ಅನುಮಾನಿಸಿ, ಇಲಾಖೆಗೆ ಒಯ್ದು ಪರೀಕ್ಷೆ ಮಾಡಿಸಿ ತಂದರು. ತಕ್ಕಡಿ ನಿರ್ದೋಷಿ ಎಂದು ಮುದ್ರೆ ಬಿತ್ತು. ಬಿಸಿ ಸಾಲದೇನೋ ಎಂದು ನೀರನ್ನು ಇನ್ನೂ ಕಾಯಿಸಿದರು. ಹೆಂಡತಿಯ ಭುಜ ಕೆಂಪಾಯಿತು, ಮೇಲೇಳಲಿಲ್ಲ. ಒಂದು ಸಂಜೆ ಕೀಲಿಕೈ ಮತ್ತೆ ಮೇಜಿನ ಮೇಲೆ ಬಂದು ಕೂತಿತು.

"ವಯಸ್ಸಾಯ್ತು ಬಿಡಿ ರೀ" ಎಂದಳು ಹೆಂಡತಿ. "ನಡುವೆ ಒಂದಿಷ್ಟು ದಿನ ಚೆನ್ನಾಗಾದ ಹಾಗೆ ಆಯ್ತು. ಅಷ್ಟೇ ಇದ್ದಿದ್ದು ಅಂತ ಕಾಣುತ್ತೆ."

ಜೀವಮಾನವಿಡೀ ಎಷ್ಟು ಕಡಿಮೆ, ಎಷ್ಟು ಹೆಚ್ಚು ಎಂದು ಹೇಳುತ್ತ ಬಂದ ಸಾಹೇಬರಿಗೆ ಆ ಮಾತಿನ ಭಾರ ಯಾವ ಬಟ್ಟಿಗೂ ಸಿಗಲಿಲ್ಲ.

ಮೂರು ತಿಂಗಳು ಮುಗಿದ ಶನಿವಾರ ಹೆಂಡತಿ, "ಮಧ್ಯಾಹ್ನ ಅಂಗಡಿ ಹತ್ರ ಬನ್ನಿ, ಕೀಲಿಕೈ ಕೊಡೋವಾಗ ನೀವೂ ಇದ್ರೆ ಚೆನ್ನಾಗಿರುತ್ತೆ" ಎಂದಿದ್ದಳು. ಸಾಹೇಬರು ಹೋದಾಗ ಸಲೂನಿನಲ್ಲಿ ಒಬ್ಬರೇ ಗಿರಾಕಿ. ಬಿಳಿಯ ಬಟ್ಟೆ ಹೊದ್ದು ಕುತ್ತಿಗೆಯವರೆಗೆ ಮುಚ್ಚಿಕೊಂಡು ಕೂತಿದ್ದವರು ಬೇರೆ ಯಾರೂ ಅಲ್ಲ, ಹೆಡ್ ಗುಮಾಸ್ತರು.

"ಬನ್ನಿ ಸಾಹೇಬ್ರೆ! ನಾಳೆ ನೆಂಟರ ಮನೇಲಿ ಮದುವೆ. ಅದಕ್ಕೇ ಅಮ್ಮಾವ್ರ ಕೈಗೇ ತಲೆ ಕೊಡೋಣ ಅಂತ ಬಂದೆ." ಬಟ್ಟೆಯ ಕೆಳಗಿನಿಂದ ಮೊಣಕೈ ಹೊರಗೆ ಬಂತು. ಅದರ ಮೇಲೆ ಅಂಗೈಯಗಲದ ಸುಟ್ಟ ಕಲೆ. "ನೋಡಿ, ನಿಮ್ಮ ಚೀಲ. ಚರ್ಮ ಹೋಯ್ತು, ನೋವು ಹೋಗಲಿಲ್ಲ."

ಸಾಹೇಬರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದರು.

ಎರಡನೇ ಕುರ್ಚಿಯವಳು ತನ್ನ ಬಾಚಣಿಗೆಗಳನ್ನು ತೊಳೆಯುತ್ತ, ಕನ್ನಡಿಯಲ್ಲಿ ಅಕ್ಕನ ಕೈಯನ್ನೇ ಗಮನಿಸುತ್ತಿದ್ದಳು. ಹೆಂಡತಿ ಬಲಬದಿ ಮುಗಿಸಿದಳು. ಹಿಂಬದಿ ಮುಗಿಸಿದಳು. ನೆತ್ತಿಯ ಹತ್ತಿರ ಕತ್ತರಿ ಎತ್ತಿದಳು. ಕೈ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಮತ್ತೆ ಎತ್ತಿದಳು. ಮತ್ತೆ ಅಲ್ಲೇ ನಿಂತಿತು. ಅವಳ ಮೇಲ್ದುಟಿಯ ಮೇಲೆ ಬೆವರು ಮೂಡಿತು. ಕನ್ನಡಿಯಲ್ಲಿ ಹೆಡ್ ಗುಮಾಸ್ತರ ತಲೆ ಒಂದು ಕಡೆ ಕೊಯ್ಲಾದ ಗದ್ದೆಯಾಗಿತ್ತು, ಇನ್ನೊಂದು ಕಡೆ ಕಾಡು.

"ನಾನು ಮುಗಿಸ್ಲಾ ಅಕ್ಕ?" ಎಂದಳು ಎರಡನೇ ಕುರ್ಚಿಯವಳು ಮೆಲ್ಲಗೆ.

ಆ ಮೆಲುದನಿಯೇ ಸಾಹೇಬರನ್ನು ಇರಿಯಿತು. ಅವರು ಏನನ್ನೂ ಯೋಚಿಸಲಿಲ್ಲ. ಹೆಂಡತಿಯ ಹಿಂದೆ ಹೋಗಿ, ಮಂಡಿ ಬಗ್ಗಿಸಿ, ತಮ್ಮ ಅಂಗೈಯನ್ನು ಅವಳ ಮೊಣಕೈಯ ಕೆಳಗೆ ಕೊಟ್ಟು ಮೇಲೆತ್ತಿದರು. ಅವಳ ಕೈ ನೆತ್ತಿಗೆ ಏರಿತು. ಸಾಹೇಬರ ನಡುವಿನಲ್ಲಿ ಯಾರೋ ಇಕ್ಕಳ ಹಾಕಿ ಹಿಂಡಿದಂತಾಯಿತು.

"ಏನ್ರೀ ಇದು, ಎಲ್ಲರೆದುರು!"

"ನೀನು ಕತ್ತರಿಸು. ಎತ್ತೋದು ನನ್ನ ಜವಾಬ್ದಾರಿ."

ಹೀಗೆ ಒಂದು ಹೊಸ ಬಗೆಯ ಯಂತ್ರ ತಯಾರಾಯಿತು. ಕತ್ತರಿ ಹೆಂಡತಿಯದು, ಏತ ಗಂಡನದು. ಅವಳು "ಎಡಕ್ಕೆ" ಎಂದರೆ ಅವರು ಎಡಕ್ಕೆ, "ಮೇಲೆ" ಎಂದರೆ ಮೇಲೆ. ಹೆಡ್ ಗುಮಾಸ್ತರು ಬಟ್ಟೆಯೊಳಗೆ ಉಸಿರು ಬಿಗಿಹಿಡಿದು ಕೂತರು. ಅವರ ಎರಡೂ ಕಿವಿಗಳು ಈ ಜಂಟಿ ಕಾರ್ಯಾಚರಣೆಯ ದಾರಿಯಲ್ಲೇ ಇದ್ದವು.

"ಹೀಗೆ ಆಗ್ತಿರಲಿಲ್ಲ" ಎಂದಳು ಹೆಂಡತಿ, ಅರ್ಧ ತನಗೆ ತಾನೇ ಎಂಬಂತೆ. "ಆ ರಬ್ಬರು ಎಳೆಯೋದು ನಡೀತಿದ್ದಾಗ."

"ಎಳೆಯೋದಾ? ಎಳೀತಿದ್ದಿದ್ದು ನಾನಲ್ವಾ?"

ಕತ್ತರಿ ನಿಂತಿತು.

"ನೀವು ಎಲ್ಲಿ ಎಳೆದ್ರಿ? ಗೊರಕೆ ಎಳೆದ್ರಿ!"

"ಮತ್ತೆ ಅತ್ತೆ ದಿನಾ ಭೇಷ್ ಅಂತಿದ್ರಲ್ಲ?"

"ನೀವು ಮಲಗಿದ ತಕ್ಷಣ ನಾನು ಎಳೀತಿದ್ದೆ. ಸದ್ದು ಬರಲಿಲ್ಲ ಅಂದ್ರೆ ಅಮ್ಮ ಉಪನ್ಯಾಸ ಶುರು ಮಾಡೋರು. ದಿನವೆಲ್ಲ ಅಂಗಡೀಲಿ ನಿಂತು ಬಂದು ಅದನ್ನ ಕೇಳೋ ಶಕ್ತಿ ನನಗಿರಲಿಲ್ಲ. ಎಳೆದ್ರೆ ಮನೆ ಸುಮ್ನಿರ್ತಿತ್ತು. ಬಾಗಿಲು ಮುಚ್ಚಿರ್ತಿತ್ತು, ಯಾರೂ ನನ್ನನ್ನ ಏನೂ ಕೇಳ್ತಿರಲಿಲ್ಲ. ಮೊದಮೊದಲು ನೋಯ್ತಿತ್ತು. ಆಮೇಲಾಮೇಲೆ ಹಿತ ಅನ್ನಿಸ್ತಿತ್ತು. ಮುಗಿದ ಮೇಲೆ ಬಿಸಿ ಚೀಲ ಇಟ್ಕೊಂಡು ಕೂತ್ಕೋತಿದ್ದೆ."

"ಮತ್ತೆ ನನಗೆ ಹೇಳಬಾರದಾಗಿತ್ತೇನೇ?"

"ಯಾರೂ ಬಾಯಿ ಬಿಡಬಾರದು ಅಂದ್ರಲ್ಲ! ಅದೂ ಅಲ್ದೆ, ಅಮ್ಮನ ಎದುರು ನೀವು ಸಣ್ಣವರಾಗ್ತಿದ್ರಿ. ನಾನೂ ಬಿಸಿಯಿಂದಲೇ ಅಂದ್ಕೊಂಡೆ ರೀ. ನೀವು ಅಷ್ಟು ಜೋರಾಗಿ ಹೇಳಿದ್ರಿ."

ಸಾಹೇಬರ ತಲೆಯೊಳಗೆ ತಟ್ಟೆಗಳು ಒಂದೊಂದಾಗಿ ಅದಲುಬದಲಾದವು. ಎಳೆದವಳು ಗೆದ್ದಳು. ಎಳೆಯದವನು ಸೋತ. ಸೋತವನು ಗೆದ್ದ ಚಿಕಿತ್ಸೆಯನ್ನು ಬೊಗಳೆ ಎಂದು ಸಾರಿ, ಅದನ್ನು ಬಾಗಿಲಿನಿಂದ ಬಿಚ್ಚಿ ಸ್ಕೂಟರಿಗೆ ಕಟ್ಟಿದ!

ಬಟ್ಟೆಯೊಳಗಿನಿಂದ ಹೆಡ್ ಗುಮಾಸ್ತರ ದನಿ ಬಂತು. "ಸಾಹೇಬ್ರೆ, ಹಾಗಾದ್ರೆ ನನ್ನ ಬಾಟಲಿ?"

ಹೆಂಡತಿ ಕನ್ನಡಿಯಲ್ಲಿ ತನ್ನ ಭುಜವನ್ನು ನೋಡುತ್ತಿದ್ದಳು, ಎಂದೋ ಜಗಳವಾಡಿ ದೂರವಾದ ಗೆಳತಿಯನ್ನು ಬಸ್ಸಿನಲ್ಲಿ ಕಂಡವಳ ಹಾಗೆ. ಮೆಲ್ಲಗೆ ಅವಳ ತುಟಿ ಅಲುಗಿತು. ಆಮೇಲೆ ನಗು ಬಂತು. ಕಣ್ಣಿನಲ್ಲಿ ನೀರು ಬರುವಷ್ಟು, ಕತ್ತರಿ ಕೆಳಗಿಡಬೇಕಾಗುವಷ್ಟು ನಗು.

"ಹಾಗಾದ್ರೆ ವಯಸ್ಸಾಗಿಲ್ಲ!" ಎಂದಳು. "ಎಳೆಯೋದು ಬಿಟ್ಟಿದ್ದಕ್ಕೆ ಆಗಿರೋದು. ಮತ್ತೆ ಎಳೆದ್ರೆ ಮತ್ತೆ ಏಳುತ್ತೆ!" ಎರಡನೇ ಕುರ್ಚಿಯವಳ ಕಡೆ ತಿರುಗಿದಳು. "ಕೀಲಿಕೈ ಇವತ್ತು ಕೊಡಲ್ಲ ಕಣೇ. ಇನ್ನೂ ಸ್ವಲ್ಪ ದಿನ ಕಾಯ್ತೀಯಾ? ಸಾಧ್ಯ ಇಲ್ಲ ಅಂದ್ರೆ ನಿನ್ನ ಮಳಿಗೆಗೆ ಹೋಗು, ನನಗೇನೂ ಕೋಪ ಇಲ್ಲ."

ಎರಡನೇ ಕುರ್ಚಿಯವಳು ಬಾಚಣಿಗೆ ಕೊಡವಿದಳು. ಅವಳ ಮುಖದಲ್ಲಿ ನಿರಾಸೆಯೂ ಇತ್ತು, ನಗುವೂ ಇತ್ತು.

"ನೀವು ಹೇಳಿದ್ರೆ ಕಾಯ್ತೀನಿ ಅಕ್ಕ. ಭಾವ ತೀರ್ಪು ಕೊಟ್ರೆ ಮಾತ್ರ ಇವತ್ತೇ ಹೊರಡ್ತೀನಿ."

ಭಾವನ ಬಗ್ಗಿದ ಬೆನ್ನು ಬಗ್ಗಿದಲ್ಲೇ ಬೀಗ ಹಾಕಿಕೊಂಡಿತ್ತು. ಮತ್ತೆ ಕತ್ತರಿ ಎದ್ದಿತು, ಮತ್ತೆ ಅವರ ಅಂಗೈ ಎದ್ದಿತು. ಎಡಗಡೆಯ ಕಾಡು ಕಡಿದು ಬಿತ್ತು. ಕೊನೆಗೆ ಹೆಂಡತಿ ಕತ್ತರಿ ಇಳಿಸಿ, ಬ್ರಷ್ಷಿನಿಂದ ಹೆಡ್ ಗುಮಾಸ್ತರ ಕುತ್ತಿಗೆ ಒರೆಸಿದಳು. ಆಮೇಲೆ ಎಡಗೈಯಿಂದ ಬಲಭುಜ ಒತ್ತಿಕೊಂಡಳು.

ಹೆಡ್ ಗುಮಾಸ್ತರು ಕನ್ನಡಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಅನುಮಾನ ಹೋಗಲಿಲ್ಲ.

"ಸಾಹೇಬ್ರೆ, ಮದುವೆ ಮನೆಗೆ ಹೋಗೋ ತಲೆ. ಎರಡೂ ಕಡೆ ಸಮ ಇದೆಯಾ ನೋಡಿ ಹೇಳಿ."

ಸಾಹೇಬರು ನೋಡಿದರು. ಕನ್ನಡಿಯಲ್ಲಿ ಎರಡನೇ ಕುರ್ಚಿಯವಳ ಕಣ್ಣೂ ಅಲ್ಲೇ ಇತ್ತು. ಎಡಗಿವಿಯ ಮೇಲೆ ಕೂದಲು ಒಂದು ಬೆರಳಗಲ ಉದ್ದ ಉಳಿದಿತ್ತು. ಅದು ಕಾಣಿಸದಿರಲು ಅವರು ಕುರುಡರಾಗಿರಬೇಕಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ತಪ್ಪು ತಕ್ಕಡಿಗೆ ಅವರು ಒಂದು ಸಲವೂ ಮುದ್ರೆ ಒತ್ತಿರಲಿಲ್ಲ. ಹೆಂಡತಿಯ ಭುಜವನ್ನು ನೋಡಿದರು.

"ಸಮ ಇದೆ" ಎಂದರು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಹೆಡ್ ಗುಮಾಸ್ತರು ಸಮಾಧಾನದಿಂದ ಎದ್ದರು. ಹೆಂಡತಿ ಎಡಗೈಯಿಂದ ಅವರ ಹೆಗಲು ಒತ್ತಿ ಮತ್ತೆ ಕೂರಿಸಿದಳು.

"ಕೂತ್ಕೊಳ್ಳಿ. ಎಡಗಡೆ ಉದ್ದ ಇದೆ. ನನ್ನ ಅಂಗಡಿಯಿಂದ ಹೀಗೆ ಹೋಗಬಾರದು."

"ಸಾಹೇಬ್ರೇ ಸಮ ಇದೆ ಅಂದ್ರಲ್ಲಮ್ಮ!"

"ಬಿಸಿ ಚೀಲಾನೂ ಅವರೇ ಒಳ್ಳೇದು ಅಂದಿದ್ದು" ಎಂದು ಹೆಂಡತಿ ಕತ್ತರಿ ತೆಗೆದುಕೊಂಡಳು. ಹಿಂದಕ್ಕೆ ತಿರುಗಿ ಕೂಡ ನೋಡಲಿಲ್ಲ. "ರೀ, ಮೊಣಕೈ ಹಿಡೀರಿ."